ಭೂಮಿ ನಡುಗಿದಾಗ ಭಾವ ಊಟ ಕೇಳುತ್ತಿದ್ದರು

ನೇಪಾಳದ ಭೂಕಂಪದ ದಿನ ನಾನು ಕಠ್ಮಂಡುವಿನಲ್ಲಿದ್ದೆ. ಈ ಒಂದು ವಾಕ್ಯವನ್ನು ಹಾಸನ ಜಿಲ್ಲೆಯಲ್ಲಿ ಪೂರ್ತಿ ಹೇಳಿ ಮುಗಿಸಲು ನನಗೆ ಇಲ್ಲಿಯವರೆಗೆ ಸಾಧ್ಯವಾಗಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರಿಗಿದ್ದವರು "ಅಯ್ಯೋ, ಅವತ್ತು ನಾನೆಲ್ಲಿದ್ದೆ ಗೊತ್ತಾ?" ಎಂದು ಶುರು ಮಾಡಿಬಿಡುತ್ತಾರೆ. ಒಬ್ಬರು ಹೋಟೆಲಿನಲ್ಲಿದ್ದರು, ಟಿ.ವಿ.ಯಲ್ಲಿ ನೋಡಿ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಬ್ಬರು ಕ್ಷೌರಕ್ಕೆ ಕೂತಿದ್ದರು, ಅರ್ಧ ಗಡ್ಡದಲ್ಲೇ ಎದ್ದುಬಂದರು. ಹತ್ತು ವರ್ಷವಾಯಿತು, ನನ್ನ ಸರದಿ ಬಂದಿಲ್ಲ. ಕಾಗದವಾದರೂ ನಡುವೆ ಬಾಯಿ ಹಾಕುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಹೋದವರು ನಾವು ಮೂವರು. ನನ್ನ ಅಕ್ಕ ಪಾರ್ವತಿ, ಅವಳ ಗಂಡ ಶಿವಲಿಂಗಪ್ಪ ಭಾವ, ಮತ್ತು ನಾನು. ಭಾವ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರಿ. ನಾನು ಹಾಸನದಲ್ಲಿ ಹೈಸ್ಕೂಲಿನ ಹಿಂದಿ ಮೇಡಂ. ಪಶುಪತಿನಾಥನನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬುದು ಅಕ್ಕನ ಬಹಳ ದಿನದ ಆಸೆ. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಯಿಂದಲ್ಲ. "ಇಂದಿ ಮಾತಾಡಕ್ಕೆ ಒಂದ್ ಜನ ಬೇಕಲ್ಲ" ಎಂದು ಭಾವ ನನ್ನ ಮುಖಕ್ಕೇ ಹೇಳಿದ್ದರು.

ಬೆಂಗಳೂರು ವಿಮಾನ ನಿಲ್ದಾಣ

ವಿದೇಶ ಪ್ರಯಾಣದ ಮೊದಲ ಜಗಳ ಸ್ವದೇಶದಲ್ಲೇ ನಡೆಯಿತು. ಭಾವ ತಮ್ಮ ಚೀಲದ ತಳದಲ್ಲಿ ಕೊಬ್ಬರಿ ಗಿಟುಕು ತುಂಬಿಕೊಂಡಿದ್ದರು. ಪರದೇಶದಲ್ಲಿ ಏನೂ ಸಿಗದಿದ್ದರೆ ಕೊಬ್ಬರಿ ಬೆಲ್ಲ ತಿಂದು ಇರಬಹುದು ಎಂಬುದು ಅವರ ಲೆಕ್ಕಾಚಾರ. ತಪಾಸಣೆಯ ಹುಡುಗಿ ಚೀಲ ತೆಗೆಸಿದಳು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಜಾಸ್ತಿ, ಬೆಂಕಿ ಹತ್ತಿಕೊಳ್ಳುವ ವಸ್ತು, ವಿಮಾನದಲ್ಲಿ ಬಿಡುವುದಿಲ್ಲ ಎಂದಳು.

"ಕೊಬ್ರಿಗೆ ಬೆಂಕಿ ಅತ್ಕತದಾ?" ಭಾವ ನನ್ನ ಕಡೆ ತಿರುಗಿದರು. "ಗಿರಿಜಾ, ನಮ್ಮಪ್ಪನ ಕಾಲ್ದಿಂದ ಮಂಡಿ ತುಂಬಾ ಇದನ್ನೇ ಇಟ್ಕೊಂಡು ಕೂತೀವಿ. ಈಯಮ್ಮಂಗೆ ಏಳು."

ಹುಡುಗಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೂ ನಾನು ಹೇಳಬೇಕಂತೆ. ಹಿಂದೆ ನಿಂತ ಜನ ಗೊಣಗತೊಡಗಿದರು. ಕೊನೆಗೆ ಕೊಬ್ಬರಿ ಕಸದ ಡಬ್ಬಿಗೆ ಹೋಯಿತು. ದೆಹಲಿ ಮುಟ್ಟುವವರೆಗೂ, ದೆಹಲಿಯಿಂದ ಕಠ್ಮಂಡು ಮುಟ್ಟುವವರೆಗೂ, ಭಾವ ಆ ಡಬ್ಬಿಯ ಬಗ್ಗೆಯೇ ಮಾತಾಡಿದರು. ಕಿಟಕಿಯಲ್ಲಿ ಹಿಮಾಲಯ ಕಾಣಿಸಿದಾಗ ಅಕ್ಕ ಕೈಮುಗಿದಳು. ಭಾವ "ತಿಪ್ಟೂರ್ ಮಾಲು ಕಣೇ, ಒಳ್ಳೆ ಮಾಲು" ಎಂದರು.

ಕಠ್ಮಂಡು, ಶನಿವಾರ

ಗುಡಿಗೆ ಹತ್ತಿರವೇ ಇದ್ದ ಒಂದು ಸಣ್ಣ ಲಾಡ್ಜಿನಲ್ಲಿ ನಾವು ಇಳಿದಿದ್ದೆವು. ಅದನ್ನು ನಡೆಸುತ್ತಿದ್ದವಳು ಸಬಿತಾ, ನನಗಿಂತ ಸ್ವಲ್ಪ ಚಿಕ್ಕವಳು, ದೊಡ್ಡ ಗಂಟಲಿನ ಹೆಂಗಸು. ಗಂಡ ಹಿಂದಿನ ದಿನವೇ ಬೆಟ್ಟದ ಮೇಲಿನ ತಮ್ಮ ಹಳ್ಳಿಗೆ, ತಾಯಿಯನ್ನು ನೋಡಲು ಹೋಗಿದ್ದ. ನೇಪಾಳದಲ್ಲಿ ವಾರದ ರಜೆ ಶನಿವಾರ. ಭಾನುವಾರ ಆಫೀಸು ಸ್ಕೂಲು ಎಲ್ಲ ನಡೆಯುತ್ತವೆ. ಇದನ್ನು ಕೇಳಿ ಭಾವ, "ಅಂಗಾರೆ ಇವ್ರು ಭಾನ್ವಾರ ಏನ್ ಮಾಡ್ತಾರೆ?" ಎಂದು ನಿಜವಾಗಿಯೂ ಚಿಂತೆಗೆ ಬಿದ್ದಿದ್ದರು.

ಬೆಳಿಗ್ಗೆ ದರ್ಶನಕ್ಕೆ ಹೋದೆವು. ಚರ್ಮದ ವಸ್ತು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ಭಾವನ ಬೆಲ್ಟು ಬಿಚ್ಚಿಸಿದರು. ಊರಿನಲ್ಲಿ ಪಂಚೆಯುಡುವ ಮನುಷ್ಯ, ವಿದೇಶಕ್ಕೆಂದು ಹೊಸ ಪ್ಯಾಂಟು ಹೊಲಿಸಿದ್ದರು. ಬೆಲ್ಟಿಲ್ಲದೆ ಅದು ನಿಲ್ಲಲಿಲ್ಲ. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಹೂವಿನ ದೊನ್ನೆ ಹಿಡಿದು ಸಾಲಿನಲ್ಲಿ ನಡೆದರು. ಅಲ್ಲಿನ ಅರ್ಚಕರು ನಮ್ಮ ಕರ್ನಾಟಕದ ಕಡೆಯವರು ಎಂದು ಯಾರೋ ಹೇಳಿಬಿಟ್ಟಿದ್ದರು. ಗರ್ಭಗುಡಿ ಕಾಣಿಸುತ್ತಿದ್ದಂತೆ ಭಾವ ಅಷ್ಟು ಜನರ ತಲೆಯ ಮೇಲಿಂದ, "ಸ್ವಾಮೀ, ನಾವು ಚನ್ರಾಯಪಟ್ನದೋರು!" ಎಂದು ಕೂಗಿದರು. ಅರ್ಚಕರು ತಿರುಗಿ ನೋಡಲಿಲ್ಲ. ನಾನು ಪಕ್ಕದ ಸಾಲಿಗೆ ಸರಿದು ನಿಂತೆ. ಅಕ್ಕ ಮಾತ್ರ ಏನೂ ಕೇಳಿಸದವಳಂತೆ ದೇವರನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

ಲಾಡ್ಜಿಗೆ ಮರಳಿದಾಗ ಮಧ್ಯಾಹ್ನವಾಗುತ್ತಾ ಬಂದಿತ್ತು. ಅಂಗಳದಲ್ಲಿ ಸಬಿತಾ ಪಾತ್ರೆ ತೊಳೆಯುತ್ತಿದ್ದಳು. ಭಾವ "ಊಟ ಆಕಮ್ಮಾ" ಎಂದರು, ನಾನು ಹಿಂದಿಗೆ ತಿರುಗಿಸಿದೆ. ಊಟ ಮುಗಿದಿದೆ ಎಂದಳು. ಅವರ ಕಡೆ ಅನ್ನ ಬೇಳೆಯ ಊಟವನ್ನು ಬೆಳಿಗ್ಗೆ ಹತ್ತಕ್ಕೇ ಮುಗಿಸುತ್ತಾರೆ. ಮಧ್ಯಾಹ್ನ ಅವಲಕ್ಕಿಯೋ ಆಲೂಗಡ್ಡೆಯೋ ತಿಂದರಾಯಿತು, ಮತ್ತೆ ಅನ್ನ ರಾತ್ರಿಗೇ. ಇದನ್ನು ಹಿಂದಿನ ದಿನವೇ ಆಕೆ ನನಗೆ ಹೇಳಿದ್ದಳು, ನಾನು ಭಾವನಿಗೆ ಹೇಳಿದ್ದೆ. ಭಾವ ಆಗ ಕೊಬ್ಬರಿಯ ಯೋಚನೆಯಲ್ಲಿದ್ದರು.

"ಅತ್ ಗಂಟೆಗೆ ಊಟವಾ? ಅತ್ ಗಂಟೆಗೆ ನಮ್ಮೂರಲ್ಲಿ ತಿಂಡೀನೇ ಆಗಿರಕಿಲ್ಲ ಕಣಮ್ಮಾ! ಯಾವ ಸೀಮೆ ನ್ಯಾಯ ಇದು?"

ಸಬಿತಾಗೆ ಮಾತು ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಸೌಟನ್ನು ಹಿಡಿದುಕೊಂಡೇ ಎದ್ದು ನಿಂತು ನೇಪಾಳಿಯಲ್ಲಿ ಜವಾಬು ಕೊಟ್ಟಳು. ಇಬ್ಬರೂ ಅಂಗಳದ ನಡುವೆ ಎದುರು ಬದುರು ನಿಂತು ತಮ್ಮ ತಮ್ಮ ಭಾಷೆಯಲ್ಲಿ ಕೂಗಾಡಿದರು. ನಾನು ನಡುವೆ ನಿಂತು ಎರಡೂ ಕಡೆಗೆ ಹಿಂದಿಯಲ್ಲಿ, ಕನ್ನಡದಲ್ಲಿ, ಸುಳ್ಳು ಸುಳ್ಳೇ ಮೆತ್ತಗಿನ ಮಾತು ಹೇಳುತ್ತಿದ್ದೆ.

ಮೊದಲು ಬಂದದ್ದು ಸದ್ದು. ತುಂಬಿದ ಲಾರಿ ಹಿಂದಕ್ಕೆ ಬಂದು ಗೋಡೆಗೆ ಒರಗಿಕೊಂಡಂತಹ ಸದ್ದು. ಪಾರಿವಾಳಗಳು ಒಮ್ಮೆಗೇ ಎದ್ದವು. ಮಹಡಿಯ ಮೇಲಿನ ಟ್ಯಾಂಕಿನ ನೀರು ಧಬಧಬ ಎಂದು ನಮ್ಮ ಮೇಲೆ ಸುರಿಯಿತು. ಕಾಲ ಕೆಳಗಿನ ಕಲ್ಲುಹಾಸು ಯಾರೋ ಎಳೆದ ಬಟ್ಟೆಯಂತೆ ಅಲ್ಲಾಡಿತು. ಪಕ್ಕದ ಇಟ್ಟಿಗೆಯ ಕಾಂಪೌಂಡು ನಿಧಾನವಾಗಿ, ಯಾರೋ ಮಲಗಿಸಿದ ಹಾಗೆ, ಉದ್ದಕ್ಕೆ ಮಲಗಿತು. ಸಬಿತಾ ಭಾವನ ತೋಳು ಹಿಡಿದಿದ್ದಳು, ಭಾವ ಅವಳ ಸೆರಗು ಹಿಡಿದಿದ್ದರು. ಇಬ್ಬರ ಬಾಯಿಯೂ ತೆರೆದೇ ಇತ್ತು. ಅಕ್ಕ ನೆಲಕ್ಕೆ ಕೂತು ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದಿದ್ದಳು, ಅಳುವ ಮಗುವನ್ನು ಸಮಾಧಾನ ಮಾಡುವ ಹಾಗೆ.

ನಡುಕ ನಿಂತ ಮೇಲೆ ಊರೆಲ್ಲ ಧೂಳು. ಸಬಿತಾಳ ಕಟ್ಟಡ ನಿಂತಿತ್ತು, ಅಡುಗೆಮನೆಯ ಕಡೆ ಮಾತ್ರ ಒಡೆದು ಕುಸಿದಿತ್ತು.

ಬಯಲು

ಯಾರೂ ಮನೆಯೊಳಗೆ ಇರುವಂತಿರಲಿಲ್ಲ. ಭೂಮಿ ಆಗಾಗ ಮೈ ಕೊಡವುತ್ತಲೇ ಇತ್ತು. ಜನವೆಲ್ಲ ಹತ್ತಿರದ ಬಯಲಿಗೆ ಬಂದು ಕೂತರು. ಸಬಿತಾ ನಮ್ಮನ್ನು ಬಿಟ್ಟು ಹೋಗಲಿಲ್ಲ. ಒಡೆದ ಅಡುಗೆಮನೆಗೆ ನುಗ್ಗಿ ಅಕ್ಕಿ ಮೂಟೆ, ಕುಕ್ಕರು, ನೀಲಿ ಟಾರ್ಪಾಲು ಹೊತ್ತು ತಂದಳು. ಒಂದೇ ಟಾರ್ಪಾಲಿನ ಕೆಳಗೆ ನಾವು ನಾಲ್ವರು. ಮಳೆ ಬೇರೆ. ಅಕ್ಕ ಇಟ್ಟಿಗೆ ಜೋಡಿಸಿ ಒಲೆ ಮಾಡಿದಳು. ಪಕ್ಕದ ಟಾರ್ಪಾಲಿನವರು ಉಪ್ಪು ಕೊಟ್ಟರು, ನಾವು ಅನ್ನ ಕೊಟ್ಟೆವು. ಭಾವ ಸಮಯ ಕೇಳದೆ ಊಟ ಮಾಡಿದರು.

ಭಾವನ ಫೋನಿಗೆ ವಿದೇಶದ ಸೌಲಭ್ಯ ಹಾಕಿಸಿದ್ದರು. ಅದು ಹೇಗೋ ಹಿಡಿಯಿತು. ಹಿಡಿದದ್ದೇ ತಡ, ಊರು ಊರೇ ಫೋನು ಮಾಡತೊಡಗಿತು. ಅರಕಲಗೂಡಿನಿಂದ ಭಾವನ ಅಕ್ಕ, "ಮಧ್ಯಾನ್ದಿಂದ ಟೀವಿ ಮುಂದೇ ಕೂತೀವಿ ಕಣಪ್ಪ, ನೀವು ಎಲ್ಲೂ ಕಾಣಿಸ್ನಿಲ್ಲ" ಎಂದು ಆಕ್ಷೇಪಿಸಿದರು. ಮಂಡಿಯ ಪಾಲುದಾರರು, ಬದುಕಿದ್ದೀರಲ್ಲ ಎಂದು ಸಂತೋಷಪಟ್ಟು, ಅದೇ ಉಸಿರಿನಲ್ಲಿ "ರೇಟ್ ಇಳೀತೈತೆ ಸಾವ್ಕಾರ್ರೇ, ಮಾಲ್ ಬಿಟ್ಬುಡ್ಲಾ?" ಎಂದು ಕೇಳಿದರು. ಯಾರೋ ದೂರದ ನೆಂಟರು, ಬರುವಾಗ ಒಂದು ಒಳ್ಳೆ ರುದ್ರಾಕ್ಷಿ ತನ್ನಿ ಎಂದರು. ಭಾವ ಒಬ್ಬೊಬ್ಬರಿಗೂ ಮೊದಲಿನಿಂದ ಕತೆ ಹೇಳಿದರು. ಪ್ರತಿ ಸಲ ಗೋಡೆ ಸ್ವಲ್ಪ ಎತ್ತರವಾಗುತ್ತಿತ್ತು. ಊಟದ ಜಗಳ ಮಾತ್ರ ಬರುತ್ತಿರಲಿಲ್ಲ.

ಸಬಿತಾ ತನ್ನ ಫೋನನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಗಂಡನಿಗೆ ಮಾಡುತ್ತಿದ್ದಳು, ಮೈದುನನಿಗೆ ಮಾಡುತ್ತಿದ್ದಳು. ಬೆಟ್ಟದ ಕಡೆಯ ಒಂದು ಲೈನೂ ಸಿಗುತ್ತಿರಲಿಲ್ಲ. ಭಾವನ ಫೋನು ರಿಂಗಾದಾಗಲೆಲ್ಲ ಅರ್ಧ ಎದ್ದು, ಅದು ತನ್ನದಲ್ಲ ಎಂದು ತಿಳಿದು ಮತ್ತೆ ಕೂರುತ್ತಿದ್ದಳು. ಅಕ್ಕ ಅದನ್ನೇ ನೋಡುತ್ತಿದ್ದಳು. ಭಾವ ಹೊಳೆನರಸೀಪುರದ ಯಾರಿಗೋ ಗೋಡೆ ಬಿದ್ದ ಕತೆ ಹೇಳುತ್ತಿದ್ದಾಗ ಅಕ್ಕ ಎದ್ದು ಹೋಗಿ ಫೋನನ್ನು ಕಿವಿಯಿಂದ ಕಿತ್ತುಕೊಂಡಳು.

"ಏನೇ ಇದು?"

"ಕಣ್ ಕಾಣಕಿಲ್ವಾ ನಿಮ್ಗೆ? ಅವ್ಳ್ ಗಂಡ ಎಲ್ಲವ್ನೋ ಏನೋ. ನಿಮ್ದು ರುದ್ರಾಕ್ಷಿ ಯವಾರ."

ಮದುವೆಯಾದಾಗಿನಿಂದ ಅಕ್ಕ ಹೀಗೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಭಾವನೂ ನೋಡಿರಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು. ಅಲ್ಲಿಂದಾಚೆ ಆ ಫೋನು ಸಬಿತಾಳ ಕೈಯಲ್ಲಿತ್ತು. ಊರಿನಿಂದ ಕರೆ ಬಂದರೆ ಭಾವ ಇಸಿದುಕೊಂಡು, "ಬದ್ಕಿವ್ನಿ, ಇಡ್ರೀ, ಲೈನ್ ಬೇಕು" ಎಂದು ಕತ್ತರಿಸಿ ಮತ್ತೆ ಅವಳಿಗೇ ಕೊಡುತ್ತಿದ್ದರು. ಮೋಟರ್ ಬೈಕಿನ ಬ್ಯಾಟರಿಯಿಂದ ಚಾರ್ಜು ಮಾಡಿಕೊಡುವವನೊಬ್ಬನಿದ್ದ. ಅವನ ಮುಂದಿನ ಸಾಲಿನಲ್ಲಿ ಭಾವ ಮಳೆಯಲ್ಲಿ ನಿಂತುಬರುತ್ತಿದ್ದರು. ಆದರೂ ಬೆಟ್ಟದ ಲೈನು ಸಿಗಲಿಲ್ಲ.

ನಮ್ಮ ದೇಶದ ವಿಮಾನಗಳು ಜನರನ್ನು ಕರೆದೊಯ್ಯುತ್ತಿವೆ ಎಂಬ ಸುದ್ದಿ ಬಂತು. ಅಕ್ಕ ಏಳಲಿಲ್ಲ. "ಅವ್ಳ್ ಗಂಡನ ಸುದ್ದಿ ಬರೋಗಂಟ ನಾನ್ ಬರಕಿಲ್ಲ" ಎಂದಳು. ಕೊನೆಗೆ ಸಬಿತಾಳೇ ಅವಳನ್ನು ಎಬ್ಬಿಸಿದಳು. ಹಳ್ಳಿಯ ದಾರಿ ಅಷ್ಟೋ ಇಷ್ಟೋ ತೆರೆದಿದೆಯಂತೆ, ಲಾರಿ ಹೋದಷ್ಟು ದೂರ ಲಾರಿಯಲ್ಲಿ, ಆಮೇಲೆ ನಡೆದು ಹೋಗುತ್ತೇನೆ ಎಂದು ನನ್ನಿಂದ ಹೇಳಿಸಿದಳು. ಒಂದು ಪೊಟ್ಟಣ ಅವಲಕ್ಕಿ ಕಟ್ಟಿಕೊಟ್ಟಳು. ಭಾವ ತಮ್ಮ ಸ್ವೆಟರು ಬಿಚ್ಚಿ ಕೊಟ್ಟರು. ಅದು ಅವಳಿಗೆ ಮೊಣಕಾಲಿನವರೆಗೆ ಬರುತ್ತಿತ್ತು. ವಿಮಾನ ನಿಲ್ದಾಣದ ಕಡೆ ನಡೆಯುವಾಗ ಅಕ್ಕ ಎಷ್ಟು ಸಲ ತಿರುಗಿ ನೋಡಿದಳೋ.

ಹಾಸನ

ನನ್ನ ಶಾಲೆಯಲ್ಲಿ ಶಾಲು ಹೊದಿಸಿದರು. ಏತಕ್ಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮುಖ್ಯೋಪಾಧ್ಯಾಯರು ಭೂಕಂಪದ ದಿನ ತಾವು ಮದುವೆಮನೆಯೊಂದರಲ್ಲಿದ್ದು, ಸುದ್ದಿ ಕೇಳಿ ಪಾಯಸ ಬಿಟ್ಟು ಎದ್ದ ಬಗೆಯನ್ನು ವಿವರವಾಗಿ ಹೇಳಿದರು. ಡ್ರಾಯಿಂಗ್ ಮೇಷ್ಟ್ರು, ಅದೇ ಹೊತ್ತಿಗೆ ಹಾಸನದ ತಮ್ಮ ಮನೆಯ ಶೋಕೇಸಿನ ಗಾಜು ಅಳ್ಳಾಡಿತೆಂದರು. ವಿಜ್ಞಾನದ ಮೇಡಂ ಅದು ಸಾಧ್ಯವಿಲ್ಲ ಎಂದರು. ಅವರಿಬ್ಬರ ವಾದ ಮುಗಿದು "ಈಗ ಗಿರಿಜಾ ಮೇಡಂ ಎರಡು ಮಾತು" ಎನ್ನುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಎಲ್ಲರೂ ಕೊನೆಗೆ ಹೇಳುವುದು ಒಂದೇ ಮಾತು. ಪಶುಪತಿನಾಥನೇ ನಿಮ್ಮನ್ನು ಕಾಪಾಡಿದ. ಆ ಬಯಲಿನ ಪಕ್ಕದಲ್ಲೇ ಹೊಳೆಯ ದಡದಲ್ಲಿ ಚಿತೆಗಳು ಒಂದರ ಪಕ್ಕ ಒಂದು ಉರಿಯುತ್ತಿದ್ದುದನ್ನು ನಾನು ನೋಡಿದ್ದೆ. ಅವರೂ ಅದೇ ದೇವರಿಗೆ ದಿನ ಬೆಳಗಾದರೆ ಕೈಮುಗಿಯುತ್ತಿದ್ದವರು. ಇದನ್ನು ಹೇಳಲು ಹೋದರೆ, "ಅಂಗೆಲ್ಲಾ ಮಾತಾಡ್ಬಾರ್ದು ಮೇಡಂ" ಎನ್ನುತ್ತಿದ್ದರು.

ಹೊಳೆನರಸೀಪುರ

ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶ. ಅಕ್ಕ ಹೊಸಿಲು ದಾಟಲಿಲ್ಲ. ಚನ್ನರಾಯಪಟ್ಟಣದ ತನ್ನ ಮನೆಯಲ್ಲೂ ಅವಳು ನೇಪಾಳದಿಂದ ಬಂದಾಗಿನಿಂದ ಹೊರಗಡೆ, ಅಂಗಳದ ತೆಂಗಿನಮರದ ಆಚೆ, ಮಂಚ ಹಾಕಿಸಿಕೊಂಡು ಮಲಗುತ್ತಿದ್ದಳು. ಸೂರಿನ ಕೆಳಗೆ ನಿದ್ದೆ ಹತ್ತುತ್ತಿರಲಿಲ್ಲ. ಅಡುಗೆಯನ್ನೂ ಓಡಿ ಹೋಗಿ ಓಡಿ ಬಂದು ಮಾಡುತ್ತಿದ್ದಳು. ಈಗ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು.

ಚಿಕ್ಕಪ್ಪನಿಗೆ ಅವಮಾನವಾಯಿತು. ಅಕ್ಕನ ಕೈಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋಗಿ, ಕಂಬವನ್ನು ಅಂಗೈಯಿಂದ ಬಡಿದು ತೋರಿಸಿದರು. "ನೋಡವ್ವಾ, ಪಿಲ್ಲರ್ರು! ಒಳಗೆ ಎಂಗ್ ಕಬ್ಣ ಆಕ್ಸಿವ್ನಿ ಅಂತೀಯ! ನಿನ್ ನೇಪಾಳ ಇಲ್ಲಿಗ್ ಬಂದ್ರೂ ಅಳ್ಳಾಡಕಿಲ್ಲ."

ಬಡಿದ ಸದ್ದಿಗೆ ಅಕ್ಕ ಕೈ ಬಿಡಿಸಿಕೊಂಡು ರಸ್ತೆಯವರೆಗೆ ಓಡಿದಳು. ಒಳಗೆ ಆ ಹೊತ್ತಿಗೆ ಭಾವ ಜನರ ನಡುವೆ ಕೂತು ಭೂಕಂಪದ ಕತೆಯನ್ನು ಮತ್ತೆ ಶುರು ಮಾಡಿದ್ದರು. ಅವರು ತೋಳು ಚಾಚಿ ಗೋಡೆಯ ಎತ್ತರ ತೋರಿಸುತ್ತಿದ್ದರು. ನಾನು ಅಕ್ಕನ ಹಿಂದೆ ಹೋಗುವುದೋ, ಭಾವನ ಬಾಯಿ ಮುಚ್ಚಿಸುವುದೋ ತಿಳಿಯದೆ, ಎರಡು ಎಲೆ ಊಟವನ್ನು ಕೈಯಲ್ಲಿ ಹಿಡಿದು ರಸ್ತೆಗೆ ನಡೆದೆ. ಮೋರಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಗೃಹಪ್ರವೇಶದ ಹೋಳಿಗೆ ತಿಂದೆವು.

ಅರಕಲಗೂಡು

ಇದು ಗಾಳಿ ಸೋಂಕು ಎಂದು ಭಾವನ ಅಕ್ಕ ತೀರ್ಮಾನಿಸಿದರು. ಅಂತ್ರ ಕಟ್ಟುವವರೊಬ್ಬರನ್ನು ಅವರೇ ಮನೆಗೆ ಕರೆಸಿದ್ದರು. ಅಕ್ಕನನ್ನು ಜಗಲಿಯ ಮೇಲೆ ಕೂರಿಸಿ ಸುತ್ತ ನೆಂಟರೆಲ್ಲ ನಿಂತರು. ಆ ಮನುಷ್ಯ ನಿಂಬೆಹಣ್ಣು ನಿವಾಳಿಸಿ, ಪರದೇಶದಲ್ಲಿ ಸತ್ತವರ ನೆರಳು ಬಿದ್ದಿದೆ ಎಂದ. ಎಲ್ಲರೂ ಹೌದು ಹೌದು ಎಂದರು. ನಾನು ರೇಗಿದೆ. ಇದು ಭಯ, ಯಾರಿಗಾದರೂ ಆಗುತ್ತದೆ, ಡಾಕ್ಟರ ಹತ್ತಿರ ಹೋಗೋಣ ಎಂದೆ. "ನೀನ್ ಓದ್ದೋಳು, ಸುಮ್ಕಿರು" ಎಂದರು.

ಅಕ್ಕ ಆ ತನಕ ಬಾಯಿ ಬಿಟ್ಟಿರಲಿಲ್ಲ. ಕಟ್ಟಲು ಬಂದ ಕಪ್ಪು ದಾರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು: "ಒಬ್ರಾದ್ರೂ ಕೇಳಿದ್ರಾ ನೀವು? ನಮ್ಗೆ ಅನ್ನ ಆಕ್ದೋಳು ಒಬ್ಳು ಅವ್ಳಲ್ಲ, ಅವ್ಳ್ ಗಂಡ ಸಿಕ್ಕುದ್ನಾ ಅಂತ ಒಬ್ರಾದ್ರೂ ಕೇಳಿದ್ರಾ?"

ಅಂತ್ರದವನು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡ.

ಕೇಳಿದ್ದೆವು, ನಾವು ಕೇಳಿದ್ದೆವು. ಸಬಿತಾಳ ನಂಬರಿಗೆ ದಿನವೂ ನಾನು ಹಾಸನದಿಂದ, ಭಾವ ಮಂಡಿಯಿಂದ ಫೋನು ಮಾಡುತ್ತಿದ್ದೆವು, ಲೈನು ಸಿಗುತ್ತಿರಲಿಲ್ಲ. ಭಾವನೂ ಮಾಡುತ್ತಿದ್ದಾರೆಂಬುದು ನನಗೆ ಗೊತ್ತಾದದ್ದೇ ಆ ದಿನ, ಅರಕಲಗೂಡಿನಿಂದ ಬರುವ ಬಸ್ಸಿನಲ್ಲಿ.

ಚನ್ನರಾಯಪಟ್ಟಣ

ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಲೈನು ಸಿಕ್ಕಿತು. ಸಬಿತಾಳ ದೊಡ್ಡ ಗಂಟಲು ಸಣ್ಣದಾಗಿತ್ತು. ನಾನು ಸ್ಪೀಕರಿಗೆ ಹಾಕಿದೆ. ಅವಳು ಹಿಂದಿಯಲ್ಲಿ ಹೇಳುತ್ತಾ ಹೋದಳು, ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಹಳ್ಳಿ ಮುಟ್ಟಿದಾಗ ಮನೆಯಿದ್ದ ಕಡೆ ಕಲ್ಲು ಮಣ್ಣಿನ ಗುಡ್ಡೆ ಮಾತ್ರ ಇತ್ತಂತೆ. ಅತ್ತೆ ಹೊರಗಿದ್ದು ಉಳಿದುಕೊಂಡರು. ಗಂಡ ಅಟ್ಟದ ಮೇಲೆ ಮುಸುಕಿನ ಜೋಳ ಹರವುತ್ತಿದ್ದ. ಊರಿನವರೇ ತೆಗೆದು ದಹನ ಮುಗಿಸಿದ್ದರು. ಅವಳಿಗೆ ಮುಖ ನೋಡಲೂ ಸಿಗಲಿಲ್ಲ.

ಅಕ್ಕ ಹೇಳಿಸಲು ನನ್ನನ್ನು ಕಾಯಲಿಲ್ಲ. ಫೋನಿನ ಹತ್ತಿರ ಬಾಗಿ "ಅಯ್ಯೋ ನನ್ ಕಂದ" ಎಂದಳು. ಆ ಕಡೆಯಿಂದ ಅಳು ಬಂತು. ಸ್ವಲ್ಪ ಹೊತ್ತಿಗೆ ಸಬಿತಾ ಮೂಗು ಒರೆಸಿಕೊಂಡು, ಎಲ್ಲರೂ ಆ ಹೊತ್ತಿಗೆ ನೀನೆಲ್ಲಿದ್ದೆ ಎಂದು ಕೇಳುತ್ತಾರೆ ಎಂದಳು. "ನಾನು ಭೈಯಾ ಜೊತೆ ಅನ್ನಕ್ಕಾಗಿ ಜಗಳ ಆಡುತ್ತಿದ್ದೆ ಎಂದು ಹೇಳುತ್ತೇನೆ."

ಇದನ್ನು ಕನ್ನಡಕ್ಕೆ ತಿರುಗಿಸಬೇಕೋ ಬೇಡವೋ ಎಂದು ನಾನು ತಡೆದೆ. ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಏನಂದ್ಲು? ಏಳು ಗಿರಿಜಾ, ಏನಂದ್ಲು?" ಎಂದು ಒತ್ತಾಯಿಸಿದರು. ಹೇಳಿದೆ. ಅವರು ಮತ್ತೆ ಕುರ್ಚಿಗೆ ಒರಗಿದರು. ಸಬಿತಾ ಅಕ್ಕನ ಆರೋಗ್ಯ ಕೇಳಿದಳು. ಮನೆಯೊಳಗೆ ಮಲಗುವುದಿಲ್ಲ ಎಂದೆ. ತಾನೂ ಹೊರಗೇ ಎಂದಳು, ಅದೇ ನೀಲಿ ಟಾರ್ಪಾಲು ಎಂದಳು.

ಆ ಸಂಜೆ ಭಾವ ಮಂಡಿಯಿಂದ ಟಾರ್ಪಾಲು ತಂದು ಅಂಗಳದಲ್ಲಿ ಕಟ್ಟಿದರು. ಅಕ್ಕನ ಮಂಚದ ಪಕ್ಕಕ್ಕೆ ತಮ್ಮದೊಂದು, ನನಗೊಂದು ಹಾಕಿದರು. ಸೊಳ್ಳೆ ಎಂದು ಗೊಣಗಿದರು, ನಾಯಿ ಬೊಗಳುತ್ತದೆ ಎಂದು ಗೊಣಗಿದರು, ನಾನು ಸೊಳ್ಳೆಬತ್ತಿಯನ್ನು ತಪ್ಪು ಕಡೆ ಇಟ್ಟಿದ್ದೇನೆಂದು ಗೊಣಗಿದರು. ಒಳಕ್ಕೆ ಮಾತ್ರ ಹೋಗಲಿಲ್ಲ.

ಬೆಳಗಾಗುವ ಹೊತ್ತಿಗೆ ಪಕ್ಕದ ಮನೆಯವರು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದರು. ಮೂರು ಮಂಚ ನೋಡಿ ಬೇಲಿಯ ಹತ್ತಿರ ನಿಂತರು.

"ಇದ್ಯಾಕ್ ಸಾವ್ಕಾರ್ರೇ, ಎಲ್ರೂ ಆಚೆ ಮಲ್ಗಿವ್ರಿ? ಇನ್ನೊಂದ್ ಕಿತ ಭೂಕಂಪ ಗೀಕಂಪ ಆಯ್ತದಂತಾ?"

ಕತೆ ಶುರುವಾಗುತ್ತದೆಂದು ನಾನು ಹೊದಿಕೆ ಮುಖಕ್ಕೆಳೆದುಕೊಂಡೆ. ಭಾವ ಎದ್ದು ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು.

"ಇಲ್ಲ ಕಣಪ್ಪಾ," ಎಂದರು. "ನಮ್ಮೋರೊಬ್ರು ತೀರ್ಕಂಡವ್ರೆ."